ಹೂವಲ್ಲ, ಉಗುರು ನೋಡಿ: ಬೆಕ್ಕಿನುಗುರು ಬಳ್ಳಿಯ ಗುರುತು

[ದೃಶ್ಯ: ನೆತ್ತಿಯಿಂದ ಬುಡದವರೆಗೆ ಹಳದಿ ಹೂವು ಹೊದ್ದ ಎತ್ತರದ ಮರ]

ಈ ಮರ ನೋಡಿ. ಮೈತುಂಬಾ ಹಳದಿ ಹೂವು. ಚೆನ್ನಾಗಿದೆ ಅಲ್ವಾ? ಆದರೆ ಒಂದು ಹೂವೂ ಮರದ್ದಲ್ಲ. ಎಲ್ಲಾ ಅದರ ಮೇಲೆ ಹತ್ತಿ ಕೂತ ಬಳ್ಳಿಯದು. ಒಳಗೆ ಮರ ಬಿಸಿಲಿಲ್ಲದೆ ಸೊರಗುತ್ತಿದೆ.

ನಮಸ್ಕಾರ. ಇದು ಕ್ಯಾಟ್ಸ್ ಕ್ಲಾ ಬಳ್ಳಿ. ಸಸ್ಯಶಾಸ್ತ್ರದಲ್ಲಿ ಡೋಲಿಕಾಂಡ್ರಾ ಉಂಗ್ವಿಸ್-ಕಾಟಿ. ಉಂಗ್ವಿಸ್-ಕಾಟಿ ಎಂದರೆ ಲ್ಯಾಟಿನ್‌ನಲ್ಲಿ ಬೆಕ್ಕಿನ ಉಗುರು. ಹೆಸರಿನ ಆ ಭಾಗ 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟದ್ದು. ಗುರುತು ಹೆಸರಲ್ಲೇ ಇದೆ, ನಾವು ಮಾತ್ರ ಹೂವು ನೋಡ್ತಾ ನಿಲ್ಲುತ್ತೇವೆ.

[ದೃಶ್ಯ: ಎಳೆ ಕುಡಿಯ ಕ್ಲೋಸಪ್]

ಎಲೆಗಳು ಕಾಂಡದ ಮೇಲೆ ಎದುರುಬದುರು ಜೋಡಿಯಾಗಿ ಬರುತ್ತವೆ. ಒಂದೊಂದು ಎಲೆಯಲ್ಲೂ ಎರಡೇ ಕಿರುಎಲೆ. ಆ ಎರಡರ ನಡುವಿನಿಂದ ದಾರದಂಥ ತಂತು ಹೊರಡುತ್ತದೆ. ಅದರ ತುದಿ ಮೂರಾಗಿ ಸೀಳಿರುತ್ತದೆ, ಮೂರೂ ಕೊಕ್ಕೆಯ ಹಾಗೆ ಬಾಗಿರುತ್ತವೆ. ಬೆಕ್ಕಿನ ಪಂಜವೇ! ಸೌತೆ ಬಳ್ಳಿಯ ತಂತು ಆಸರೆಗೆ ಸುತ್ತಿಕೊಳ್ಳುತ್ತದೆ. ಇದು ತೊಗಟೆಯನ್ನೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ನೆಟ್ಟಗಿನ ಗೋಡೆಯನ್ನೂ ಹತ್ತಿಬಿಡುತ್ತದೆ. ಬಲಿತ ಎಲೆಗಳಲ್ಲಿ ಉಗುರು ಉದುರಿರಬಹುದು, ಎಳೆಯ ಕುಡಿಯಲ್ಲೇ ಹುಡುಕಿ.

ತೋಟದಲ್ಲಿ ಬೆಳೆಸುವ ಅಲಮಂಡಾ ಗಿಡದ ಹೂವೂ ಹಳದಿ, ಅದೂ ತುತ್ತೂರಿಯ ಆಕಾರ, ಇದೇ ಅಂದುಕೊಳ್ಳಬೇಡಿ. ಅದರ ಎಲೆ ಮುರಿದರೆ ಹಾಲು ಒಸರುತ್ತದೆ, ಉಗುರಂತೂ ಇಲ್ಲವೇ ಇಲ್ಲ.

[ದೃಶ್ಯ: ಕಾಡಿನ ನೆಲ, ಕ್ಯಾಮೆರಾ ಕೆಳಗೆ]

ಈಗ ನನಗೆ ಅತಿ ಮುಖ್ಯ ಅನಿಸುವ ಮಾತು. ಈ ಬಳ್ಳಿ ಮೇಲೆ ಬಿಸಿಲು ಮುಟ್ಟಿದ ಮೇಲೆಯೇ ಚೆನ್ನಾಗಿ ಹೂಬಿಡುವುದು. ಅಂದರೆ ಹೂವು ಕಾಣುವ ಹೊತ್ತಿಗೆ ಮರ ಅದರ ಹಿಡಿತದಲ್ಲಿದೆ. ಮರಿ ಬಳ್ಳಿ ಬೇರೆಯೇ ಗಿಡದ ಹಾಗೆ ಕಾಣುತ್ತದೆ: ಪುಟ್ಟ ಎಲೆ, ತೊಗಟೆಗೆ ಅಂಟಿಸಿದಂತೆ. ಆಸರೆ ಸಿಗದಿದ್ದರೆ ನೆಲದಲ್ಲೇ ಚಾಪೆಯಂತೆ ಹರಡಿ, ಮರಗಳ ಎಳೆ ಸಸಿಗಳು ಮೇಲೇಳದಂತೆ ಮಾಡುತ್ತದೆ. ಹಳೆಯ ಮರ ಬಿದ್ದರೆ ಅದರ ಜಾಗಕ್ಕೆ ಬರಲು ಯಾವ ಮರವೂ ಇರುವುದಿಲ್ಲ. ನನಗೆ ಸಂಕಟ ಆಗುವುದು ಇಲ್ಲೇ.

ಸುಮ್ನೆ ಕಿತ್ತರೆ ಆಯ್ತಲ್ಲ ಅಂತೀರಾ? ಸ್ವಲ್ಪ ಅಗೆದು ನೋಡಿ.

[ದೃಶ್ಯ: ಬೇರಿನಲ್ಲಿ ಸಾಲು ಗೆಡ್ಡೆಗಳು]

ಬೇರಿನುದ್ದಕ್ಕೂ ಗೆಡ್ಡೆ! ಬಳ್ಳಿ ಕಿತ್ತರೂ ಗೆಡ್ಡೆ ಉಳಿದರೆ ಮತ್ತೆ ಚಿಗುರುತ್ತದೆ. ಕಾಯಿ ಬೆಲ್ಟಿನ ಹಾಗೆ ಚಪ್ಪಟೆ, ಒಂದು ಅಡಿಗಿಂತಲೂ ಉದ್ದ ಬೆಳೆಯಬಲ್ಲದು. ಒಳಗಿನ ಬೀಜಕ್ಕೆ ಕಾಗದದಂಥ ರೆಕ್ಕೆ. ಗಾಳಿಯಲ್ಲಿ ಹಾರುತ್ತದೆ, ನೀರಲ್ಲಿ ತೇಲುತ್ತದೆ.

ಇದರ ತವರು ಅಮೆರಿಕ ಖಂಡದ ಉಷ್ಣವಲಯ. ಚೆಂದದ ಹೂವಿಗಾಗಿ ತೋಟಗಳಿಗೆ ಒಯ್ದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನಲ್ಲಿ ಹೊಳೆದಂಡೆಯ ಕಾಡುಗಳಿಗೆ ನುಗ್ಗಿತು. 2012ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ಮಹತ್ವದ ಕಳೆಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಬಳ್ಳಿಯನ್ನು ಹತೋಟಿಗೆ ತರಲು ಇದರ ಎಲೆ ಕೊರೆಯುವ ಒಂದು ಪುಟ್ಟ ದುಂಬಿಯನ್ನೂ ತಂದು ಬಿಟ್ಟರು.

[ದೃಶ್ಯ: ಮರದ ಬುಡದಲ್ಲಿ ಬಳ್ಳಿ ಕತ್ತರಿಸುವ ಕೈ]

ಮರ ಹತ್ತಿದ ಬಳ್ಳಿಯನ್ನು ಜಗ್ಗಬೇಡಿ, ಕೊಂಬೆ ತಲೆಮೇಲೆ ಬೀಳಬಹುದು. ಸೊಂಟದೆತ್ತರಕ್ಕೆ ಒಮ್ಮೆ, ಬುಡದ ಹತ್ತಿರ ಒಮ್ಮೆ ಕತ್ತರಿಸಿ. ಮೇಲಿನದು ಅಲ್ಲೇ ಒಣಗಲಿ. ಗೆಡ್ಡೆ ಕೆಲವೇ ಇದ್ದರೆ ಒಂದೂ ಬಿಡದೆ ಅಗೆಯಿರಿ. ಜಾಸ್ತಿ ಇದ್ದರೆ, ಬೇರಿಗೆ ಅಂಟಿದ ಬುಡದ ಹಸಿ ಗಾಯಕ್ಕೆ ತಕ್ಷಣ ಕಳೆನಾಶಕ ಹಚ್ಚುತ್ತಾರೆ. ಅದನ್ನು ತಿಳಿದವರ ಕೈಯಲ್ಲೇ ಮಾಡಿಸಿ. ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ, ಕೆಲವು ವರ್ಷ ಮತ್ತೆ ಮತ್ತೆ ಬಂದು ಹೊಸ ಚಿಗುರು ಹುಡುಕಬೇಕು. ಕಿತ್ತ ಗೆಡ್ಡೆ, ಬಳ್ಳಿ ಯಾವುದನ್ನೂ ಹೊಳೆದಂಡೆಗೆ ಎಸೆಯಬೇಡಿ. ಅವು ಬಿದ್ದಲ್ಲೇ ಬೇರು ಬಿಡುತ್ತವೆ.