4 ಕೋರ್, 8 ಥ್ರೆಡ್: ವೇಗ ಯಾಕೆ ಡಬಲ್ ಆಗಲ್ಲ?

[ಪರದೆ: ಟಾಸ್ಕ್ ಮ್ಯಾನೇಜರ್]

ನಮಸ್ಕಾರ. ಇಲ್ಲಿ ನೋಡಿ: ಕೋರ್ (ಚಿಪ್ಪಲ್ಲಿ ನಿಜವಾಗಿ ಲೆಕ್ಕ ಮಾಡೋ ಘಟಕ) 4, ಲಾಜಿಕಲ್ ಪ್ರೊಸೆಸರ್ (ಸಿಸ್ಟಮ್ ಕಣ್ಣಿಗೆ ಕಾಣೋ ಘಟಕ) 8. ಹಾಗಾದ್ರೆ 8 ಕೋರಿನ ಕೆಲಸ ಆಗಬೇಕಲ್ವಾ ಅಂತ ತುಂಬಾ ಜನ ಕೇಳಿದ್ರಿ. ಆಗಲ್ಲ. 2002ರಲ್ಲಿ, ಒಂದೇ ಕೋರಲ್ಲಿ ಎರಡು ಥ್ರೆಡ್ ಓಡಿಸೋ ಹೈಪರ್‌ಥ್ರೆಡಿಂಗ್ ತಂದಾಗ ಇಂಟೆಲ್ ಕೂಡ ಹೇಳಿದ್ದು ಹೆಚ್ಚೆಂದ್ರೆ ಶೇ. 30ರಷ್ಟು ಹೆಚ್ಚು ವೇಗದ ಲೆಕ್ಕ. ಅದಕ್ಕೆ ಚಿಪ್ಪಲ್ಲಿ ಹಿಡಿದ ಜಾಗ ಶೇ. 5ಕ್ಕಿಂತ ಕಡಿಮೆ. ವ್ಯಾಪಾರ ಲಾಭದ್ದೇ!

ಥ್ರೆಡ್ ಅಂದ್ರೆ ಒಂದರ ಹಿಂದೊಂದು ನಡೆಯೋ ಸೂಚನೆಗಳ ಸಾಲು, ಅಷ್ಟೇ. ಸೀದಾ ವಿಷಯಕ್ಕೆ ಬರ್ತೀನಿ. ಇಂಟೆಲ್‌ನ ಸ್ಕೈಲೇಕ್ ಚಿಪ್ ತಗೊಳ್ಳಿ, 4 ಗಿಗಾಹರ್ಟ್ಸ್, ಅಂದ್ರೆ ಸೆಕೆಂಡಿಗೆ 400 ಕೋಟಿ ಸೈಕಲ್. ಡೇಟಾ ಎಲ್1 ಕ್ಯಾಶಲ್ಲಿದ್ರೆ (ಕೋರಿನ ಒಳಗಿನ ಪುಟ್ಟ, ವೇಗದ ಮೆಮೊರಿ) 4-5 ಸೈಕಲ್ಲಲ್ಲಿ ಕೈಗೆ ಸಿಗುತ್ತೆ. ರ‍್ಯಾಮ್‌ಗೆ ಹೋಗಬೇಕಾ? ಇನ್ನೂರು-ಮುನ್ನೂರು ಸೈಕಲ್ ಕಾಯಬೇಕು. ಆ ಹೊತ್ತಲ್ಲಿ ಇನ್ನೊಂದು ಥ್ರೆಡ್ಡಿನ ಸೂಚನೆಗಳು ನುಗ್ಗುತ್ತವೆ.

[ಪರದೆ: ದರ್ಶಿನಿಯ ಚಿತ್ರ]

ದರ್ಶಿನಿಯಲ್ಲಿ ಎರಡನೇ ಟೋಕನ್ ಕೌಂಟರ್ ತೆಗೆದ ಹಾಗೆ ಇದು. ಅಡುಗೆಮನೆ ಒಂದೇ. ಒಂದು ಸಾಲಲ್ಲಿ ಇಡ್ಲಿ, ಇನ್ನೊಂದರಲ್ಲಿ ದೋಸೆ ಕೇಳಿದ್ರೆ ಎರಡೂ ಸಲೀಸು. ಎರಡೂ ಸಾಲು ಮಸಾಲೆ ದೋಸೆಗೇ ಬಿದ್ರೆ? ಕಾವಲಿ ಒಂದೇ ಸ್ವಾಮಿ! ಚಿಪ್ಪಲ್ಲೂ ರಿಜಿಸ್ಟರ್‌ಗಳ (ಕೈಯಲ್ಲಿರೋ ಅಂಕಿ ಇಡೋ ಜಾಗ) ಲೆಕ್ಕ, ಪ್ರೋಗ್ರಾಂ ಕೌಂಟರ್ (ಮುಂದಿನ ಸೂಚನೆ ಯಾವುದು ಅನ್ನೋ ಗುರುತು) ಮಾತ್ರ ಎರಡೂ ಥ್ರೆಡ್ಡಿಗೆ ಬೇರೆ ಬೇರೆ. ಕೂಡೋ ಗುಣಿಸೋ ಯೂನಿಟ್ಟು, ಕ್ಯಾಶು ಎಲ್ಲಾ ಹಂಚಿಕೆ.

ನನಗೆ ಭಾರಿ ಇಷ್ಟವಾದ ಭಾಗ ಈಗ. ಓಡ್ತಿರೋ ಸೂಚನೆಗಳ ಲೆಕ್ಕ ಇಡೋ ರೀಆರ್ಡರ್ ಬಫರಲ್ಲಿ, ಸ್ಕೈಲೇಕಿನಲ್ಲಿ, 224 ಜಾಗ. ಎರಡನೇ ಥ್ರೆಡ್ ಎದ್ದ ಕೂಡಲೇ ತಲಾ 112. ಅದು ಮಲಗಿದ್ರೆ ಮಾತ್ರ 224 ವಾಪಸ್. ಮಲಗದೆ, ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಡೇಟಾ ಮುಟ್ಟಲಿ ಅನ್ನೋ ಬೀಗ) ಸಿಗೋ ತನಕ "ಸಿಕ್ತಾ, ಸಿಕ್ತಾ" ಅಂತ ಸುಮ್ನೆ ಲೂಪ್ ಸುತ್ತುತ್ತಿದ್ರೆ? ಮಾಡೋ ಕೆಲಸ ಸೊನ್ನೆ, ಆದ್ರೂ 112 ಜಾಗ ಅದರದ್ದೇ, ಮೇಲಿಂದ ಪಕ್ಕದ ಥ್ರೆಡ್ಡಿನ ಸರದಿಯನ್ನೂ ತಿನ್ನುತ್ತೆ. ಅದಕ್ಕೇ ಅಂಥ ಲೂಪ್ ಒಳಗೆ 'ಪಾಝ್' (PAUSE) ಅನ್ನೋ ಸೂಚನೆ ಹಾಕಬೇಕು. ಸ್ವಲ್ಪ ಹೊತ್ತು ಆ ಥ್ರೆಡ್ ತೆಪ್ಪಗಿರುತ್ತೆ. ಹಳೇ ಚಿಪ್‌ಗಳಲ್ಲಿ ಈ ಸ್ವಲ್ಪ ಹೊತ್ತು ಸುಮಾರು 10 ಸೈಕಲ್. ಸ್ಕೈಲೇಕಲ್ಲಿ ಸುಮಾರು 140! ಹಳೇ ಲೆಕ್ಕ ನಂಬಿ ಸಾಲಾಗಿ ಹತ್ತಾರು ಪಾಝ್ ಜೋಡಿಸಿಟ್ಟ ಕೋಡು ಹೊಸ ಚಿಪ್ಪಲ್ಲೇ ನಿಧಾನವಾಯ್ತು. ಅಪ್‌ಗ್ರೇಡ್ ಭಾಗ್ಯ.

ಟೈಮಾಯ್ತು, ಉಳಿದದ್ದು ಬೇಗ ಬೇಗ. ಐಬಿಎಂನ ಸರ್ವರ್ ಚಿಪ್ ಪವರ್8 ಒಂದು ಕೋರಲ್ಲಿ 8 ಥ್ರೆಡ್ ಓಡಿಸುತ್ತೆ. ಕ್ಯಾಶ್ ಹಂಚಿಕೊಂಡ್ರೆ ಪಕ್ಕದ ಥ್ರೆಡ್ಡಿನ ಗುಟ್ಟು ಸೋರೋ ಅಪಾಯ ಅಂತ ಆಪರೇಟಿಂಗ್ ಸಿಸ್ಟಮ್ ಓಪನ್‌ಬಿಎಸ್‌ಡಿ 2018ರಲ್ಲೇ ಇಂಟೆಲ್ ಚಿಪ್‌ಗಳಲ್ಲಿ ಹೈಪರ್‌ಥ್ರೆಡಿಂಗ್ ಆಫ್ ಮಾಡ್ತು. 2024ರ ಲ್ಯಾಪ್‌ಟಾಪ್ ಚಿಪ್ ಲೂನಾರ್ ಲೇಕಲ್ಲಿ ಇಂಟೆಲ್ಲೇ ಅದನ್ನ ತೆಗೆದುಹಾಕ್ತು.

ಒಂದು ಎಚ್ಚರಿಕೆ: ನಾಲ್ಕು ಭಾರಿ ಥ್ರೆಡ್ ನಾಲ್ಕು ಕೋರಲ್ಲಿ ಓಡ್ತಿದ್ರೆ ಟಾಸ್ಕ್ ಮ್ಯಾನೇಜರಲ್ಲಿ ಬಳಕೆ ಶೇ. 50 ಅಂತ ಕಾಣುತ್ತೆ. ಇನ್ನರ್ಧ ಬಾಕಿ ಇದೆ ಅಂದ್ಕೋಬೇಡಿ. ನಿಮ್ಮ ರೆಂಡರ್‌ಗೆ ನಿಜಕ್ಕೂ ಎಷ್ಟು ಲಾಭ ಅಂತ ತಿಳೀಬೇಕಾದ್ರೆ ಬಯೋಸಲ್ಲಿ (ಕಂಪ್ಯೂಟರ್ ಆನ್ ಆಗೋವಾಗ ಸಿಗೋ ಸೆಟ್ಟಿಂಗ್ ಪರದೆ) ಹೈಪರ್‌ಥ್ರೆಡಿಂಗ್ ಆಫ್ ಮಾಡಿ ಒಂದ್ಸಲ, ಆನ್ ಮಾಡಿ ಒಂದ್ಸಲ ಅದೇ ಫೈಲ್ ಓಡಿಸಿ, ಟೈಮ್ ಬರೆದಿಟ್ಕೊಳ್ಳಿ.