ಆಪರೇಷನ್ ಯಾಕೆ ಯಾವಾಗಲೂ ಹೆಂಗಸಿಗೇ?

ಎಲ್ಲರಿಗೂ ನಮಸ್ಕಾರ. ಸ್ತ್ರೀವಾದ ಮತ್ತು ಆರೋಗ್ಯದ ಅಸಮಾನತೆ ಬಗ್ಗೆ ಮಾತಾಡಿ ಅಂದಿದ್ದೀರಿ. ದೊಡ್ಡ ವಿಷಯ. ನಾನು ನಮ್ಮ ಚಿಕ್ಕಮ್ಮನಿಂದ ಶುರು ಮಾಡುತ್ತೇನೆ.

ಮೂರನೇ ಮಗು ಆದ ಮೇಲೆ ಅವರನ್ನು ಜೀಪು ಹತ್ತಿಸಿ ಕರೆದುಕೊಂಡು ಹೋಗಿ ಮತ್ತೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿದರು. ಆಗ ಅವರಿಗೆ 24 ವರ್ಷ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಅದರಲ್ಲಿ ಏನಿದೆ ಅಂತ ಯಾರೂ ಓದಿ ಹೇಳಲಿಲ್ಲ. ಭಾರ ಎತ್ತಬೇಡ ಅಂತ ನರ್ಸಮ್ಮ ಹೇಳಿ ಕಳಿಸಿದ್ದರು. ಮನೆಯಲ್ಲಿ ನೀರು ತರೋರು ಬೇರೆ ಯಾರಿದ್ದರು? ಐದನೇ ದಿನಕ್ಕೆ ಕೊಡ ಸೊಂಟಕ್ಕೇರಿತು. ಆಮೇಲೆ ರಾಗಿ ಕೊಯ್ಲು. ಬಗ್ಗಿ ಬಗ್ಗಿ ಹೊಲಿಗೆ ಕೀವಾಯಿತು.

ಚಿಕ್ಕಪ್ಪನಿಗೆ ಮಾಡಿಸೋ ಮಾತೇ ಬರಲಿಲ್ಲ. 'ಗಂಡಸು ಮಾಡಿಸಿಕೊಂಡ್ರೆ ಶಕ್ತಿ ಹೋಗುತ್ತೆ, ನೇಗಿಲು ಹಿಡಿಯೋಕಾಗಲ್ಲ' ಅಂತ ಅಜ್ಜಿ ಹೇಳುತ್ತಿದ್ದರು. ಇದು ಸುಳ್ಳು. ಗಂಡಸರ ಆಪರೇಷನ್ನಿಗೆ ಹೊಟ್ಟೆ ಕೊಯ್ಯುವಂತಿಲ್ಲ, ಪೂರ್ತಿ ಮಂಪರು ಬೇಕಿಲ್ಲ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅವತ್ತೇ ಮನೆಗೆ ಹೋಗಬಹುದು. ಮೂರು ತಿಂಗಳು ಮಗು ಆಗದ ಹಾಗೆ ಬೇರೆ ಎಚ್ಚರಿಕೆ ತೆಗೆದುಕೊಳ್ಳಬೇಕು, ಅಷ್ಟೇ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ 37.9% ಜನಕ್ಕೆ ಆಪರೇಷನ್ ಆಗಿದೆ. ಗಂಡಂದಿರ ಲೆಕ್ಕ 0.3%. ನಮ್ಮ ಕರ್ನಾಟಕದಲ್ಲಿ ಹೆಂಗಸರದ್ದು 57.4%. ಗಂಡಸರದ್ದು ಸೊನ್ನೆ!

ಮೊದಲಿನಿಂದ ಹೀಗೇ ಇರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1976-77ರಲ್ಲಿ, ಒಂದೇ ವರ್ಷಕ್ಕೆ 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಆದವು. ಅದರಲ್ಲಿ 60 ಲಕ್ಷಕ್ಕೂ ಜಾಸ್ತಿ ಗಂಡಸರದ್ದು. ಎಷ್ಟೋ ಜನಕ್ಕೆ ಬಲವಂತದಿಂದ ಮಾಡಿದ್ದು, ಅದು ದೊಡ್ಡ ಅನ್ಯಾಯ. ಗಂಡಸರು ಸಿಟ್ಟಾದರು, 1977ರಲ್ಲಿ ಸರ್ಕಾರ ಬಿತ್ತು. ಆಮೇಲೆ ಬಂದವರು ಗಂಡಸರ ತಂಟೆಗೆ ಹೋಗಲಿಲ್ಲ. ಆ ಭಾರವೆಲ್ಲ ಹೆಂಗಸಿನ ಮೈಮೇಲೆ ಬಿತ್ತು.

2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಒಂದು ಶಿಬಿರದಲ್ಲಿ ಒಬ್ಬ ಡಾಕ್ಟರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆ ಜಿಲ್ಲೆಯ ಶಿಬಿರಗಳಿಗೆ ಹೋದವರಲ್ಲಿ ಹದಿಮೂರು ಜನ ಸತ್ತರು. ಎಲ್ಲರೂ ಬಡವರು. ಇಂಥ ಕಡೆ ಸ್ತ್ರೀವಾದ ಕೇಳೋದು ಎಷ್ಟು ಆಪರೇಷನ್ ಆಯಿತು ಅಂತಲ್ಲ. ಯಾರಿಗೆ ಆಯಿತು, ಅವಳನ್ನು ಕೇಳಿದರಾ ಅಂತ.

ಅಮೆರಿಕದಲ್ಲೂ ಇದೇ ಪ್ರಶ್ನೆ ಎದ್ದಿತ್ತು. 1973ರಲ್ಲಿ ಅಲಬಾಮಾದಲ್ಲಿ ರೆಲ್ಫ್ ಅಂತ ಇಬ್ಬರು ಕಪ್ಪು ಅಕ್ಕತಂಗಿಯರು. ಒಬ್ಬಳಿಗೆ 14, ಇನ್ನೊಬ್ಬಳಿಗೆ 12. ಓದಲು ಬಾರದ ತಾಯಿಯ ಕೈಯಲ್ಲಿ ಕಾಗದದ ಮೇಲೆ ಸಹಿಯ ಬದಲು 'X' ಗುರುತು ಹಾಕಿಸಿಕೊಂಡು ಇಬ್ಬರಿಗೂ ಮಕ್ಕಳಾಗದ ಹಾಗೆ ಮಾಡಿಬಿಟ್ಟರು. ನನಗೆ ಚಿಕ್ಕಮ್ಮನ ಹೆಬ್ಬೆಟ್ಟು ನೆನಪಾಗುತ್ತದೆ. 1994ರಲ್ಲಿ ಶಿಕಾಗೋದಲ್ಲಿ ಹನ್ನೆರಡು ಜನ ಕಪ್ಪು ಹೆಂಗಸರು ಸೇರಿ ಒಂದು ಮಾತು ಗಟ್ಟಿಯಾಗಿ ಹೇಳಿದರು. ಮಗು ಬೇಡ ಅನ್ನೋ ಹಕ್ಕಷ್ಟೇ ಸಾಲದು. ಬೇಕು ಅನ್ನೋ ಹಕ್ಕೂ ಬೇಕು, ಹುಟ್ಟಿದ್ದನ್ನು ನೆಮ್ಮದಿಯಾಗಿ ಸಾಕುವ ಹಕ್ಕೂ ಬೇಕು.

ನಮ್ಮಲ್ಲಿ ಈ ಪ್ರಶ್ನೆ ಎತ್ತಿದವರಲ್ಲಿ ಒಬ್ಬರು ಆರೋಗ್ಯ ಹಕ್ಕುಗಳ ಹೋರಾಟಗಾರ್ತಿ ದೇವಿಕಾ ಬಿಸ್ವಾಸ್. 2012ರಲ್ಲಿ ಬಿಹಾರದ ಅರರಿಯಾದಲ್ಲಿ, ರಾತ್ರಿ ಹೊತ್ತು, ಸ್ಕೂಲಿನಲ್ಲಿ, ಟಾರ್ಚ್ ಬೆಳಕಲ್ಲಿ 53 ಹೆಂಗಸರಿಗೆ ಎರಡು ಗಂಟೆಯೊಳಗೆ ಆಪರೇಷನ್ ಮಾಡಿದ್ದರು. ಇದರ ವಿರುದ್ಧ ದೇವಿಕಾ ಸುಪ್ರೀಂ ಕೋರ್ಟಿಗೆ ಹೋದರು. 2016ರಲ್ಲಿ ತೀರ್ಪು ಬಂತು: ಮೂರು ವರ್ಷದೊಳಗೆ ಶಿಬಿರಗಳನ್ನೇ ನಿಲ್ಲಿಸಿ. ಆಪರೇಷನ್ ಮಾಡಿಸಿಕೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ. ಮನಸ್ಸು ಬದಲಾದರೆ ಬೇಡ ಅನ್ನಲು ಸುಮಾರು ಒಂದು ಗಂಟೆ ಬಿಡಿ.

ಆ ಒಂದು ಗಂಟೆಯ ವಿಷಯವನ್ನು ಹೋದ ತಿಂಗಳು ಚಿಕ್ಕಮ್ಮನಿಗೆ ಹೇಳಿದೆ. 'ನಿಮಗೆ ಅಷ್ಟು ಹೊತ್ತು ಸಿಕ್ಕಿದ್ದರೆ ಏನು ಮಾಡ್ತಿದ್ರಿ ಚಿಕ್ಕಮ್ಮ?' ಅಂತ ಕೇಳಿದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

'ಮಾಡಿಸ್ಕೊಳ್ತಿದ್ದೆ ಕಣೇ,' ಅಂದರು. 'ಮೂರು ಮಕ್ಕಳು ಸಾಕಾಗಿತ್ತು. ಆದ್ರೆ ಕೊಯ್ಲು ಮುಗಿದ ಮೇಲೆ ಬರ್ತೀನಿ ಅಂತಿದ್ದೆ.'