ಜೆಟ್ಟಿಗೆ ಲೈಟ್ ಎಳೀತೀರಾ? ಮೊದ್ಲು ಆರ್‌ಸಿಸಿಬಿ ಹಾಕ್ಸಿ

ನಮಸ್ಕಾರ. ಜೆಟ್ಟಿ ಅಂದ್ರೆ ದೋಣಿಕಟ್ಟೆ, ಆರ್‌ಸಿಸಿಬಿ ಅಂದ್ರೆ ಕರೆಂಟು ಸೋರಿದ್ರೆ ತಾನೇ ಲೈನ್ ಕಡಿಯೋ ಸ್ವಿಚ್ಚು. ನೀರಿನ ಹತ್ರ ಕರೆಂಟು ಎಷ್ಟು ಅಪಾಯ ಅಂತ ಹೇಳಿದ ಹೋದ ವಾರದ ವಿಡಿಯೋ ಕೆಳಗೆ ಒಬ್ರು ಬರೆದಿದ್ದಾರೆ: "ಸುಮ್ನೆ ಹೆದರಿಸ್ಬೇಡಿ ಮಾರಾಯ್ರೆ, ನಮ್ಮ ಹೋಮ್‌ಸ್ಟೇಲಿ ಎಂಸಿಬಿ ಇದೆ, ಏನಾದ್ರೂ ಆದ್ರೆ ತಾನೇ ಬೀಳುತ್ತೆ." ಎಂಸಿಬಿ ಅಂದ್ರೆ ಲೋಡ್ ಜಾಸ್ತಿಯಾದ್ರೆ ತಾನೇ ಬಿದ್ದು ಕರೆಂಟ್ ಕಡಿಯೋ ಸ್ವಿಚ್ಚು. ನೀರಿಗೆ ಕರೆಂಟು ಸೋರಿದ್ರೆ ಅದು ಬೀಳಲ್ಲ ಮಾರಾಯ್ರೆ. ಬೀಳಲ್ಲ!

ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಸಾಗರದ ಕಡೆ, ಶರಾವತಿ ಹಿನ್ನೀರಿನ ಅಂಚಲ್ಲಿ ಒಂದು ಹೋಮ್‌ಸ್ಟೇ, ಹೆಸರು ಬೇಡ. ಡ್ರಮ್ ಮೇಲೆ ಹಲಗೆ ಹೊಡೆದ ಜೆಟ್ಟಿ. ಸುತ್ತ ಕಬ್ಬಿಣದ ಪೈಪು, ಪೈಪಿಗೆ ಬೈಂಡಿಂಗ್ ವೈರಲ್ಲಿ ಬಿಗಿದ ಸೀರಿಯಲ್ ಸೆಟ್. ಜಾಯಿಂಟಿಗೆ ಸುತ್ತಿದ ಕರಿ ಟೇಪು ಮಳೆಗೆ ಬಿಚ್ಕೊಂಡು ಜೋತು ಬಿದ್ದಿತ್ತು, ಒಳಗೆ ತಾಮ್ರ ಹಸಿರುಗಟ್ಟಿತ್ತು. ಅಲ್ಲಿಂದ ಒಂದು ಗೇಣು ಕೆಳಗೆ ನೀರು. ನೀರಲ್ಲಿ ಎರಡು ಮಕ್ಕಳು! ಮೇನ್ ಆಫ್ ಮಾಡಿಸಿ ಅವರನ್ನ ಮೇಲೆ ಹತ್ತಿಸೋವರೆಗೂ ನನ್ನ ಎದೆ ಹೊಡ್ಕೊಳ್ತಿತ್ತು.

ಎಂಸಿಬಿ ಇರೋದು ವೈರು ಸುಡದ ಹಾಗೆ ಕಾಯೋಕೆ, ಮನುಷ್ಯನ್ನ ಕಾಯೋಕಲ್ಲ. 16 ಆಂಪಿಯರಿನ ಎಂಸಿಬಿ ಅಂದ್ರೆ 16,000 ಮಿಲಿಆಂಪಿಯರ್ ದಾಟೋವರೆಗೂ ಬೀಳಲ್ಲ. ನೀರಲ್ಲಿದ್ದೋನ ಸ್ನಾಯು ಸೆಟೆದು ಕೈಕಾಲು ನಿಲ್ಲೋಕೆ 10–20 ಮಿಲಿಆಂಪಿಯರ್ ಸಾಕು. ಕೂಗೋಕೂ ಆಗದೆ ಮುಳುಗ್ತಾನೆ. ಮೈಮೇಲೆ ಸುಟ್ಟ ಗುರುತು ಸಾಮಾನ್ಯವಾಗಿ ಇರಲ್ಲ. "ಚೆನ್ನಾಗಿ ಈಜ್ತಿದ್ದ, ಹೇಗೆ ಹೋದ್ನೋ" ಅಂತಾರೆ, ಅಷ್ಟೇ. ಆರ್‌ಸಿಸಿಬಿ ಕೆಲಸ ಬೇರೆ. ಫೇಸಲ್ಲಿ ಹೋದ ಕರೆಂಟು ನ್ಯೂಟ್ರಲಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಲೆಕ್ಕ ನೋಡುತ್ತೆ. 30 ಮಿಲಿಆಂಪಿಯರ್ ಕಮ್ಮಿ ಬಂತೋ, ಕಣ್ಣು ಮಿಟುಕಿಸೋದ್ರೊಳಗೆ ಕಡಿದು ಹಾಕುತ್ತೆ. ಅಮೆರಿಕದ ವಿದ್ಯುತ್ ಸಂಹಿತೆ ದೋಣಿಕಟ್ಟೆಗಳಿಗೆ 2017ರಲ್ಲಿ ಇದೇ 30ರ ಮಿತಿ ತಂತು.

"ಸಿಹಿನೀರಲ್ಲಿ ಕರೆಂಟ್ ಅಷ್ಟು ಹರಿಯಲ್ಲ" ಅಂತ ಇನ್ನೊಬ್ರು. ಅರೆ, ಅದೇ ಅಪಾಯ! ಇದೇ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರೋ ಕಡೆ ಉಪ್ಪಾದ ಮೇಲೆ ಕರೆಂಟು ಹೆಚ್ಚಾಗಿ ನೀರಲ್ಲೇ ದಾರಿ ಹಿಡಿಯುತ್ತೆ. ಇಲ್ಲಿ ನೀರಿಗಿಂತ ನಮ್ಮ ಮೈಯೇ ಸಲೀಸು, ಒಳಗೆ ಉಪ್ಪಿದೆಯಲ್ಲ.

"ಅರ್ಥಿಂಗ್ ಮಾಡ್ಸಿದೀವಿ" ಅಂತ ಮತ್ತೆ ಕೆಲವ್ರು. ಮಾಡ್ಸಿ, ಬೇಕೇ ಬೇಕು. ಆದ್ರೆ ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) 20 ಓಮ್ ತೋರಿಸಿದ್ರೆ 230 ವೋಲ್ಟಿಗೆ ಹರಿಯೋದು ಹನ್ನೊಂದೂವರೆ ಆಂಪಿಯರ್. ನಿಮ್ಮ 16ರ ಎಂಸಿಬಿ ಮಿಸುಕೋದೂ ಇಲ್ಲ. ಆರ್‌ಸಿಸಿಬಿ ಹಾಕ್ಸಿ!

"ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗುತ್ತೆ, ತೆಗೆದು ಡೈರೆಕ್ಟ್ ಕೊಟ್ಟಿದೀವಿ" ಅಂತಾರಲ್ಲ, ಇದಕ್ಕೆ ನಂಗೆ ಮೈ ಉರಿಯುತ್ತೆ. ಟ್ರಿಪ್ ಆಗ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ. ನಾಯಿ ಬೊಗಳ್ತು ಅಂತ ನಾಯೀನೇ ಹೊಡೆದು ಹಾಕ್ತೀರಾ? ಎಲೆಕ್ಟ್ರಿಶಿಯನ್ ಕರೆಸಿ, ಸೋರೋ ಜಾಗ ಹುಡುಕ್ಸಿ. ಇಲ್ಲಾಂದ್ರೆ ಜೆಟ್ಟಿ ಮೇಲೆ 230 ವೋಲ್ಟೇ ಬೇಡ, 12 ವೋಲ್ಟಿನ ಸೋಲಾರ್ ದೀಪ ಇಡಿ.

ನೀರಲ್ಲಿ ಜುಮ್ ಅಂತಾ? ಜೆಟ್ಟಿ ಕಡೆ ಬರ್ಬೇಡಿ, ಬಂದ ದಾರೀಲೇ ದೂರ ಹೋಗಿ. ದಡದಲ್ಲಿದ್ದೋರು ದಯವಿಟ್ಟು ಹಾರ್ಬೇಡಿ. ಮೊದ್ಲು ಮೇನ್ ಆಫ್, ಆಮೇಲೆ ಟ್ಯೂಬು, ಒಣ ಹಗ್ಗ, ಒಣ ಬಿದಿರು ಗಳ. ಅಡಿಕೆ ಕೊಯ್ಯೋ ಅಲ್ಯೂಮಿನಿಯಂ ದೋಟಿ ಮುಟ್ಲೇಬೇಡಿ.

ಹಿನ್ನೀರ ದಂಡೇಲಿರೋ ಪ್ರತಿ ಮನೆಗೂ ಈ ವಿಡಿಯೋ ಕಳ್ಸಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ತೋರಿಸ್ತೀನಿ.

ಎಂಸಿಬಿ ಅಣ್ಣ, ಈಗ್ಲೇ ಬೋರ್ಡ್ ಹತ್ರ ಹೋಗಿ. 'ಟಿ' ಅಂತ ಬರೆದಿರೋ ಪುಟ್ಟ ಬಟನ್, ಅಂದ್ರೆ ಆರ್‌ಸಿಸಿಬಿಯ ಟೆಸ್ಟ್ ಬಟನ್, ಇದೆಯಾ? ಇದ್ರೆ ಒತ್ತಿ, ಬೀಳ್ಬೇಕು. ಇಲ್ವಾ? ಹಾಗಾದ್ರೆ ಜೆಟ್ಟಿ ಲೈಟ್ ಆಫ್ ಮಾಡಿ. ಈ ಶನಿವಾರದ ಗೆಸ್ಟ್ ಬರೋಕೆ ಮುಂಚೆ.